ಮಾತ್ರೆ ತಗೊಂಡಿದ್ದು ಎಷ್ಟು ಗಂಟೆಗೆ?

ರಕ್ತದ ರಿಪೋರ್ಟಿನಲ್ಲಿ ಲಿಥಿಯಂ (ಬೈಪೋಲಾರ್‌ನಂಥ ಮನೋರೋಗಕ್ಕೆ ಕೊಡುವ ಔಷಧ) 1.4 ಅಂತ ಇತ್ತು. ತುಂಬಾ ದಿನ ಲಿಥಿಯಂ ತಗೊಳ್ಳುವವರಲ್ಲಿ ಅದು ಸಾಮಾನ್ಯವಾಗಿ 0.6ರಿಂದ 1.0 ಒಳಗೆ ಇರಬೇಕು, 1.5 ದಾಟಿದರೆ ವಿಷವಾಗುವ ಭಯ. ಡೋಸ್ ಇಳಿಸೋಣ ಅಂತ ಪೆನ್ನು ಎತ್ತಿದೆ. ಆದರೂ ಕೇಳಿದೆ, "ಇವತ್ತು ಮಾತ್ರೆ ತಗೊಂಡ್ರಾ ಅಮ್ಮಾ?"

"ಹೂಂ ಡಾಕ್ಟ್ರೇ, ರಕ್ತ ಕೊಡೋಕೆ ಎರಡು ಗಂಟೆ ಮುಂಚೆ. ಒಂದು ಹೊತ್ತೂ ತಪ್ಪಿಸಬೇಡಿ ಅಂದಿದ್ರಲ್ಲ."

ಲಿಥಿಯಂ ಅಳೆಯಬೇಕಾದ್ದು ಕೊನೆಯ ಡೋಸ್ ಆಗಿ 12 ಗಂಟೆಗೆ. ಅದನ್ನು ನಾನು ಬಿಡಿಸಿ ಹೇಳಿರಲಿಲ್ಲ. ಸರಿಯಾದ ಹೊತ್ತಿಗೆ ಮತ್ತೆ ರಕ್ತ ತೆಗೆಸಿದಾಗ ಬಂದದ್ದು 0.8.

ಮೈಯಲ್ಲಿ ಔಷಧ ಎಷ್ಟಿದೆ ಅಂತ ಅಳೆಯುತ್ತಲೇ ಇರುವ, ಮೈಗೆ ಅಂಟಿಸಿಕೊಳ್ಳುವ ಸೆನ್ಸರ್ ಬಗ್ಗೆ ನನಗೆ ಇಷ್ಟು ಆಸೆ ಇರುವುದು ಇದಕ್ಕೇ. ರಕ್ತ ಪರೀಕ್ಷೆ ಕೊಡುವುದು ಒಂದು ಕ್ಷಣದ ಅಂಕಿ. ಔಷಧ ಏರುತ್ತಿದೆಯೋ ಇಳಿಯುತ್ತಿದೆಯೋ ಅದರಲ್ಲಿ ಕಾಣಿಸಲ್ಲ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು, ಉಪ್ಪು ಕಮ್ಮಿಯಾದರೆ ಕಿಡ್ನಿ ಲಿಥಿಯಂ ಅನ್ನು ಹೊರಗೆ ಬಿಡದೆ ಉಳಿಸಿಕೊಳ್ಳುತ್ತದೆ, ಡೋಸ್ ಬದಲಾಗದೇ ಇದ್ದರೂ ಲೆವೆಲ್ ಏರುತ್ತಾ ಹೋಗುತ್ತದೆ, ಮನೆಯಲ್ಲಿ ಮಲಗಿರುವವರಿಗೆ ಅದು ಗೊತ್ತೇ ಆಗಲ್ಲ.

ಸಕ್ಕರೆ ಅಳೆಯುವ ಸೆನ್ಸರ್ ಇದೆಯಲ್ಲ, ಔಷಧಕ್ಕೆ ಯಾಕಿಲ್ಲ ಅಂತ ಕೇಳುತ್ತಾರೆ. ಸಕ್ಕರೆ ರಕ್ತದಲ್ಲಿ ಬೇಕಾದಷ್ಟು ಇರುತ್ತದೆ, ಅದನ್ನು ಹಿಡಿಯುವ ಎಂಜೈಮ್ ಅನ್ನುವ ಪ್ರೋಟೀನ್ ಕೂಡ ಇದೆ. ಎಷ್ಟೋ ಔಷಧಗಳು ಅದರ ಸಾವಿರದಲ್ಲೊಂದು ಪಾಲೂ ಇರಲ್ಲ. ಪೆನಿಸಿಲಿನ್‌ಗೆ ಎಂಜೈಮ್ ಉಂಟು. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಅದನ್ನೇ ಬಳಸಿ, ಚರ್ಮದ ಮೇಲ್ಪದರಕ್ಕಷ್ಟೇ ಇಳಿಯುವ ಸಣ್ಣ ಸೂಜಿಗಳ ಪ್ಯಾಚ್ ಮಾಡಿ ಆರೋಗ್ಯವಂತರ ಮೇಲೆ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು.

ಎಂಜೈಮ್ ಸಿಗದ ಔಷಧಗಳಿಗೆ ಆಪ್ಟಮರ್ ಅನ್ನುವ ಡಿಎನ್ಎ ಎಳೆ ಬಳಸುತ್ತಾರೆ. ನನಗೆ ತುಂಬಾ ಇಷ್ಟವಾದ ಉಪಾಯ ಇದು. ಎಳೆಯ ಒಂದು ತುದಿ ಚಿನ್ನದ ಎಲೆಕ್ಟ್ರೋಡ್‌ಗೆ ಅಂಟಿರುತ್ತದೆ, ಇನ್ನೊಂದು ತುದಿಯಲ್ಲಿ ಮೆಥಿಲೀನ್ ಬ್ಲೂ ಬಣ್ಣ. ಔಷಧದ ಕಣ ಬಂದು ಕೂತರೆ ಎಳೆ ಮಡಚಿಕೊಳ್ಳುತ್ತದೆ, ಬಣ್ಣಕ್ಕೂ ಚಿನ್ನಕ್ಕೂ ಇರುವ ದೂರ ಬದಲಾಗಿ ಹರಿಯುವ ಕರೆಂಟ್ ಬದಲಾಗುತ್ತದೆ. ಕಣ ಬಿಟ್ಟು ಹೋದರೆ ಎಳೆ ಮತ್ತೆ ಮೊದಲಿನಂತೆ. ಹಾಗಾಗಿ ಒಂದೇ ಸೆನ್ಸರ್ ಮತ್ತೆ ಮತ್ತೆ ಅಳೆಯಬಹುದು. ತೊಂದರೆ ಅಂದರೆ, ಮೈಯೊಳಗಿನ ಪ್ರೋಟೀನ್ ಚಿನ್ನದ ಮೇಲೆ ಮೆತ್ತಿಕೊಂಡು ಗಂಟೆಗಳು ಕಳೆದಂತೆ ಸಿಗ್ನಲ್ ಕುಗ್ಗುತ್ತದೆ.

ಇನ್ನೊಂದು ವಿಷಯವನ್ನು ನಾವು ಡಾಕ್ಟರುಗಳೇ ಮರೆಯುತ್ತೇವೆ. ಪ್ಯಾಚಿನ ಸಣ್ಣ ಸೂಜಿಗಳು ಮುಟ್ಟುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ರಕ್ತದಲ್ಲಿ ಸುಮಾರು ಶೇಕಡಾ 90 ಭಾಗ ಪ್ರೋಟೀನಿಗೆ ಅಂಟಿಕೊಂಡೇ ಇರುತ್ತದೆ. ಆ ದ್ರವಕ್ಕೆ ಬರುವುದು ಹೆಚ್ಚಾಗಿ ಬಿಡಿಯಾಗಿರುವ ಪಾಲು. ನಿಜ ಹೇಳಬೇಕೆಂದರೆ ಕೆಲಸ ಮಾಡುವುದೂ ಆ ಪಾಲೇ. ಆದರೆ ರಕ್ತದಲ್ಲಿರುವ ಒಟ್ಟು ಫೆನಿಟಾಯಿನ್‌ಗೆಂದು ಮಾಡಿದ 10ರಿಂದ 20ರ ಲೆಕ್ಕವನ್ನು ಪ್ಯಾಚಿನ ಅಂಕಿಯ ಪಕ್ಕ ಇಟ್ಟು ಡೋಸ್ ಏರಿಸಿದರೆ ಅಪಾಯ ಗ್ಯಾರಂಟಿ. ಬೆವರಿನ ಸೆನ್ಸರ್ ಮೇಲೆ ನನಗೆ ಇನ್ನೂ ಅಷ್ಟು ನಂಬಿಕೆ ಬಂದಿಲ್ಲ. ಎಷ್ಟು ಬೆವರುತ್ತೀರಿ ಅನ್ನುವುದರ ಮೇಲೇ ಅಂಕಿ ಬದಲಾಗಬಹುದು.

ನಿಮಗೆ ಅಥವಾ ಮನೆಯವರಿಗೆ ರಕ್ತದಲ್ಲಿ ಔಷಧದ ಲೆವೆಲ್ ನೋಡುವ ಪರೀಕ್ಷೆ ಬರೆದಿದ್ದರೆ ಮಾತ್ರೆ ಯಾವಾಗ, ರಕ್ತ ಯಾವಾಗ ಅಂತ ಮೊದಲೇ ಕೇಳಿಕೊಳ್ಳಿ. ಲ್ಯಾಬಿನ ಚೀಟಿ ಮೇಲೆ ಎರಡೂ ಸಮಯ ಬರೆಸಿ. ಆ ಅಮ್ಮ ಈಗ ತಾವೇ ಬರೆದುಕೊಂಡು ಬರುತ್ತಾರೆ: ಮಾತ್ರೆ ರಾತ್ರಿ 9, ರಕ್ತ ಬೆಳಿಗ್ಗೆ 9.