ಕೋ-ಟೀಚಿಂಗ್: ಒಂದ ಕ್ಲಾಸಿಗೆ ಇಬ್ರು ಟೀಚರ್, ಇಬ್ರಿಗೂ ಕೆಲಸ ಬೇಕಲ್ರಿ?

ಬಿ.ಎಡ್ ಸಮನ್ವಯ ಶಿಕ್ಷಣ ಪೇಪರ್ ಓದಾಕತ್ತವ್ರಿಗೆ ಈ ನೋಟ್ಸ್. ನಾವೆಲ್ಲಾ ಕೋ-ಟೀಚಿಂಗ್‌ನ ಆರು ಮಾಡೆಲ್ ಹೆಸರು ಬಾಯಿಪಾಠ ಮಾಡಿ ಬಿಟ್ಟಬಿಡ್ತೀವಿ, ನಾನೂ ಹಂಗ ಮಾಡಿದ್ದೆ, ಆಮ್ಯಾಲ ಇಂಟರ್ನ್‌ಶಿಪ್‌ಗೆ ಬಾಗಲಕೋಟಿ ಕಡೆ ಒಂದ್ ಹಳ್ಳಿ ಸಾಲಿಗೆ ಹೋದಾಗ ಗೊತ್ತಾತು, ಹೆಸರು ಗೊತ್ತಿದ್ರ ಸಾಲೂದಿಲ್ಲ ಅಂತ.

ಮೊದಲ ಅರ್ಥ ನೋಡೋಣು. ಕ್ಲಾಸ್ ಟೀಚರ್, ವಿಶೇಷ ಶಿಕ್ಷಕರು ಇಬ್ರೂ ಕೂಡಿ ಪ್ಲಾನ್ ಮಾಡ್ಬೇಕು, ಒಂದ ಕ್ಲಾಸಿನ್ಯಾಗ ಕೂಡಿ ಕಲಿಸ್ಬೇಕು, ಮೌಲ್ಯಮಾಪನನೂ ಕೂಡೇ ಮಾಡ್ಬೇಕು. ಹುಡುಗನ್ನ ಎಬ್ಬಿಸ್ಕೊಂಡು ಬ್ಯಾರೆ ಕೋಣಿಗೆ ಕರ್ಕೊಂಡು ಹೋಗಿ ಕಲಿಸಿದ್ರ ಅದು ರಿಸೋರ್ಸ್ ರೂಮ್ ಆತು, ಕೋ-ಟೀಚಿಂಗ್ ಅಲ್ಲ. ಕಾನೂನು ಪ್ರಶ್ನೆ ಬಂದ್ರ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬರೀರಿ: ಅದರಾಗ 21 ಪ್ರಕಾರದ ವೈಕಲ್ಯ ಅದಾವ, 40% ಮತ್ತ ಅದಕ್ಕಿಂತ ಹೆಚ್ಚು ವೈಕಲ್ಯ ಇದ್ದ ಮಕ್ಕಳಿಗೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣ. 2021ರಾಗ ಸುಪ್ರೀಂ ಕೋರ್ಟ್ ಪ್ರಾಥಮಿಕಕ್ಕ ವೈಕಲ್ಯ ಇದ್ದ 10 ಮಕ್ಕಳಿಗೆ ಒಬ್ರು, ಮ್ಯಾಲಿನ ತರಗತಿಗೆ 15ಕ್ಕ ಒಬ್ರು ವಿಶೇಷ ಶಿಕ್ಷಕರು ಬೇಕು ಅಂದೈತಿ. ನಮ್ಮಲ್ಲಿ ಮಾತ್ರ ಬ್ಲಾಕ್ ಮಟ್ಟದ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು) ಸಾಲಿಯಿಂದ ಸಾಲಿಗೆ ತಿರುಗಬೇಕು, ನಾ ಇದ್ದ ಸಾಲಿಗಿ ಮೇಡಂ ಬರ್ತಿದ್ದದ್ದು ವಾರಕ್ಕ ಒಂದ ದಿನ. ಆ ಒಂದ್ ದಿನ ಹೆಂಗ ಬಳಸ್ಕೋಬೇಕು ಅನ್ನೂದ ನಮ್ಮ ಖರೇ ಪ್ರಶ್ನೆ.

ಆರು ಮಾಡೆಲ್ ಅಮೆರಿಕಾದ ವಿಶೇಷ ಶಿಕ್ಷಣ ತಜ್ಞರಾದ ಮರಿಲಿನ್ ಫ್ರೆಂಡ್ ಮತ್ತ ಲಿನ್ ಕುಕ್ ಅವರವು. ಒಬ್ರು ಕಲಿಸಿ ಇನ್ನೊಬ್ರು ಸಹಾಯ ಮಾಡೂದು ಎಲ್ಲಾದಕ್ಕಿಂತ ಸಲೀಸು, ಪ್ಲಾನ್ ಭಾಳ ಬೇಕಾಗಿಲ್ಲ, ಅದಕ್ಕ ಎಲ್ಲಾರೂ ಅದನ್ನ ಮಾಡ್ತಾರ. ನಾಲ್ಕನೇತ್ತಾ ಕ್ಲಾಸಿನ್ಯಾಗ ಕಿವಿಗೆ ಮಶಿನ್ ಹಾಕ್ಕೊಂಡ ಹುಡುಗ ಒಬ್ಬ ಇದ್ದ, ಮೇಡಂ ಬಂದ್ರ ಸೀದಾ ಅವನ ಬಾಜೂಕ ಹೋಗಿ ಕೂಡ್ತಿದ್ರು, ಹಿಂಗಾಗಿ ಉಳಿದ ಹುಡುಗೂರು ಅವ್ರಿಗೆ ಇಟ್ಟ ಹೆಸರು ‘ಕಿವಿ ಮಶಿನ್ ಮೇಡಂ’. ಕೇಳಿ ನಗು ಬಂತು, ಆದ್ರ ಈ ಮಾಡೆಲ್‌ನ ದೋಷ ಪೂರಾ ಆ ಹೆಸರಿನ್ಯಾಗ ಐತಿ: ಆಕಿ ಒಬ್ಬನ ಟೀಚರ್, ಅವ ಎಲ್ಲಾರಂಗಲ್ಲ.

ಒಬ್ರು ಕಲಿಸಿ ಇನ್ನೊಬ್ರು ಗಮನಿಸೂದು ಇದ್ರ, ಏನು ಗಮನಿಸ್ಬೇಕು ಅಂತ ಮೊದ್ಲ ಮಾತಾಡ್ಕೋರಿ. ಉದಾಹರಣೆಗೆ 10 ನಿಮಿಷದಾಗ ಆ ಹುಡುಗ ಎಷ್ಟ್ ಸಲ ಬಾಜೂದವನ ಪಾಟಿ ನೋಡ್ದ ಅಂತ ಎಣಿಸೂದು. ನಾ ಪಾಠ ಮಾಡುವಾಗ ಮೇಡಂ ಹಿಂಗ ಎಣಿಸಿ ಹೇಳಿದ್ರು, ನಾ ಬೋರ್ಡ್ ಕಡೆ ಮುಖ ಮಾಡಿ ಬರಕೋತ ಮಾತಾಡ್ದಾಗೆಲ್ಲಾ ಅವ ಬಾಜೂದವನ ಪಾಟಿ ನೋಡ್ತಾನಂತ, ಯಾಕಂದ್ರ ನನ್ನ ತುಟಿ ಅವಗ ಕಾಣಂಗಿಲ್ಲ. ಕಾಪಿ ಹೊಡಿತಾನ ಅಂತ ನಾ ತಿಳ್ಕೊಂಡಿದ್ದೆ!

ಸ್ಟೇಷನ್ ಟೀಚಿಂಗ್ ಸ್ವಲ್ಪ ಬಿಡಿಸಿ ಹೇಳ್ತೀನಿ. ಭಿನ್ನರಾಶಿ ಪಾಠ, 24 ಹುಡುಗೂರು, ಎಂಟೆಂಟು ಮಂದಿದು ಮೂರು ಗುಂಪು. ಒಂದು ಕಡೆ ಮೇಡಂ ಜೋಳದ ರೊಟ್ಟಿ ಮುರದು ಅರ್ಧ, ಕಾಲು ತೋರ್ಸೂದು, ಇನ್ನೊಂದು ಕಡೆ ನಾನು ಸಂಖ್ಯಾರೂಪದಾಗ ಬರಸೂದು, ಮೂರನೇದ್ದು ಹುಡುಗೂರು ತಾವ ಕಾಗದ ಮಡಚೂದು. 40 ನಿಮಿಷದ ಪಿರಿಯಡ್‌ನ್ಯಾಗ 12 ನಿಮಿಷದ ಮೂರು ಸುತ್ತು, ಉಳಿದ 4 ನಿಮಿಷ ಜಾಗಾ ಬದಲಸಾಕ. ನೆನಪಿಡ್ರಿ, ಒಂದು ಸ್ಟೇಷನ್ ಆಗದ ಇನ್ನೊಂದು ತಿಳಿಯಂಗಿಲ್ಲ ಅನ್ನುವಂಗ ಪಾಠ ಒಡೀಬಾರ್ದು, ಯಾಕಂದ್ರ ಎಲ್ಲಾ ಗುಂಪೂ ಮೊದಲನೇದ್ದರಿಂದ ಶುರು ಮಾಡಂಗಿಲ್ಲ. ಮತ್ತ ಮಶಿನ್ ಅಂದ್ರ ಗದ್ದಲಾನೂ ದೊಡ್ಡದು ಮಾಡ್ತೈತಿ, ಮೊದಲನೇ ದಿನ ಆ ಹುಡುಗ ಮಶಿನ್ ತಗದು ಕಿಸೇದಾಗ ಇಟ್ಕೊಂಡ. ಮುಂದಿನ ವಾರ ರೊಟ್ಟಿ ಸ್ಟೇಷನ್ ಪಡಸಾಲಿಗೆ ಒಯ್ದ್ವಿ, ಅಲ್ಲಿ ತಗೀಲಿಲ್ಲ. ರೊಟ್ಟಿ ಮಾತ್ರ ಮೂರನೇ ಗುಂಪು ಬರೂದ್ರಾಗ ಖಾಲಿ.

ಪ್ಯಾರಲಲ್ ಟೀಚಿಂಗ್ ಅಂದ್ರ ಕ್ಲಾಸ್ ಎರಡು ಭಾಗ, ಇಬ್ರೂ ಅದ ಪಾಠ ಮಾಡೂದು. ಒಂದ ಕೋಣ್ಯಾಗ ಎರಡು ದನಿ, ನಮಗ ಇದು ಹೊಂದಲಿಲ್ಲ. ಆಲ್ಟರ್ನೇಟಿವ್ ಅಂದ್ರ ಒಬ್ರು ದೊಡ್ಡ ಗುಂಪಿಗೆ, ಒಬ್ರು ಸಣ್ಣ ಗುಂಪಿಗೆ. ಸಣ್ಣ ಗುಂಪಿನ್ಯಾಗ ದಿನಾ ಅವ ಮಕ್ಕಳನ್ನ ಕೂಡಿಸಿದ್ರ ಅದು ‘ದಡ್ಡರ ಗುಂಪು’ ಆಗ್ತೈತಿ, ಬನಶಂಕರಿ ಜಾತ್ರಿಗೆ ಹೋಗಿ ವಾರ ಸಾಲಿ ತಪ್ಪಿಸಿದವ್ರನ್ನೂ ಅದರಾಗ ಸೇರಸ್ರಿ. ಟೀಮ್ ಟೀಚಿಂಗ್ ಇಬ್ರೂ ಸವಾಲ್-ಜವಾಬ್ ಥರ ಕೂಡಿ ಪಾಠ ಮಾಡೂದು, ಹೊಂದಾಣಿಕಿ ಭಾಳ ಬೇಕು, ನಮ್ಮಿಂದ ಆಗಲಿಲ್ಲ.

ಪ್ಲಾನಿಂಗ್‌ಗೆ ಟೈಮ್ ಎಲ್ಲಿ ಅಂತೀರಿ? ನಾವು ಹಿಂದಿನ ದಿನ ಸಂಜಿ ಫೋನ್‌ನ್ಯಾಗ 10 ನಿಮಿಷ ಮಾತಾಡ್ತಿದ್ವಿ: ಯಾವ ಪಾಠ, ಯಾವ ಮಾಡೆಲ್, ಯಾರು ಎಲ್ಲಿ ನಿಲ್ಲೂದು, ಆ ಹುಡುಗನ ಐಇಪಿ (ಅವಗಂತನ ಮಾಡಿದ ವೈಯಕ್ತಿಕ ಶಿಕ್ಷಣ ಯೋಜನೆ) ಒಳಗಿನ ಯಾವ ಗುರಿ ಇದರಾಗ ಬರ್ತೈತಿ. ಮೂರನೇ ವಾರ ಹಿಂದಿನ ಬೆಂಚಿನ ಹುಡುಗಿ ಒಬ್ಬಾಕಿ ನನ್ನ ಬಿಟ್ಟು ಮೇಡಂ ಕಡೆ ಪಾಟಿ ಒಯ್ದು, ‘ರೊಟ್ಟಿ ಮೇಡಂ, ಇದು ಬರೋಬ್ಬರಿ ಐತೇನ್ರಿ?’ ಅಂದ್ಲು.