ಒಣ ಬಿಸಿಲೂ ಬೇಕು, ಹೂಮಳೆಯೂ ಬೇಕು

ಮಾರ್ಚ್ ತಿಂಗಳಲ್ಲಿ ಕೊಡಗಿನ ಸಿದ್ದಾಪುರದ ಕಡೆ ಯಾವ ಕಾಫಿ ಬೆಳೆಗಾರರ ಮನೆಗೆ ಹೋದರೂ ಮೊದಲ ಮಾತು ಒಂದೇ: ‘ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?’ ಇದು ಜಾಗದ ಲೆಕ್ಕ ಅಲ್ಲ, ಮಳೆಯ ಲೆಕ್ಕ. ನೂರು ಸೆಂಟ್ ಅಂದರೆ ಒಂದು ಇಂಚು. ನಮ್ಮ ಅಪ್ಪ ಬೆಳಿಗ್ಗೆ ಎದ್ದು ಕಾಫಿ ಕುಡಿಯೋ ಮೊದಲೇ ಅಂಗಳದ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆದಿಡುತ್ತಾರೆ.

ಈ ಕಾತರ ಯಾಕೆ ಅಂತ ಗೊತ್ತಾಗಬೇಕಾದರೆ ಫೆಬ್ರವರಿಯಲ್ಲಿ ರೋಬಸ್ಟಾ ಜಾತಿಯ ಕಾಫಿ ಗಿಡದ ಒಂದು ರೆಕ್ಕೆಯನ್ನು, ಅಂದರೆ ಅಡ್ಡ ಕೊಂಬೆಯನ್ನು, ಬಗ್ಗಿಸಿ ನೋಡಬೇಕು. ಎಲೆ ಬುಡದಲ್ಲಿ, ಗೆಣ್ಣು ಗೆಣ್ಣಿಗೂ, ಹಸಿರು ಮೊಗ್ಗುಗಳು ಗೊಂಚಲಾಗಿ ಬಿಗಿದುಕೊಂಡಿರುತ್ತವೆ. ಒಂದು ಹಂತದವರೆಗೆ ಬೆಳೆದು ಅಲ್ಲಿಗೇ ನಿಂತುಬಿಟ್ಟಿರುತ್ತವೆ. ಕಾಫಿಯ ವಿಶೇಷ ಇರೋದೇ ಇಲ್ಲಿ. ಗಿಡಕ್ಕೆ ಕೆಲವು ವಾರ ನೀರಿನ ಕೊರತೆ ಆಗಬೇಕು, ಮೊಗ್ಗು ಒಣಹವೆಯಲ್ಲಿ ನಿದ್ದೆ ಮಾಡಬೇಕು, ಆಮೇಲೆ ಒಂದು ದಿನ ಬೇರು ಚೆನ್ನಾಗಿ ನೆನೆಯೋ ಹಾಗೆ ಮಳೆ ಬೀಳಬೇಕು. ಒಂದು ಇಂಚು ಮಳೆಯಾದರೆ ಸರಿಸುಮಾರು ಎಂಟು ಹತ್ತು ದಿನದಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಪರಿಮಳ ರಸ್ತೆವರೆಗೂ ಬರುತ್ತದೆ. ಅದಕ್ಕೇ ಅದು ಹೂಮಳೆ.

ಹೂ ಅರಳಿದ ದಿನ ಮಾತ್ರ ಮಳೆ ಬರಬಾರದು, ಪರಾಗ ತೊಳೆದುಹೋಗುತ್ತದೆ. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟೋದಿಲ್ಲ. ಬೇರೆ ಗಿಡದ ಪರಾಗವನ್ನು ಗಾಳಿಯೋ, ಹೆಜ್ಜೇನೋ, ತುಡುವೆಯೋ ತಂದುಕೊಡಬೇಕು. ಕಾಫಿಯ ಇನ್ನೊಂದು ಜಾತಿ ಅರೇಬಿಕಾಗೆ ಈ ಕಷ್ಟ ಇಲ್ಲ, ತನ್ನ ಪರಾಗವೇ ಸಾಕು.

ಕಾಫಿ ಎಲ್ಲೆಲ್ಲಿ ಬೆಳೆಯುತ್ತದೆ ಅಂತ ಕೇಳಿದರೆ ಸಾಮಾನ್ಯವಾಗಿ ಭೂಪಟ ತೋರಿಸುತ್ತಾರೆ. ಹೆಚ್ಚುಕಡಿಮೆ ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಪಟ್ಟಿ, ಅಲ್ವಾ? ಅದು ಸರಿಯೇ. ಆದರೆ ಆ ಪಟ್ಟಿಯೊಳಗೆ ಒಂದೊಂದು ಊರಿನ ಕಾಫಿ ಒಂದೊಂದು ಥರ ಇರೋದಕ್ಕೆ ಮಳೆ ಬರುವ ರೀತಿಯೇ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ.

ಕೊಲಂಬಿಯಾ ನೋಡಿ. ಸಮಭಾಜಕ ವೃತ್ತದ ಹತ್ತಿರ ಇರೋದರಿಂದ ಅಲ್ಲಿ ಅನೇಕ ಕಡೆ ವರ್ಷಕ್ಕೆ ಎರಡು ಮಳೆಗಾಲ. ನಮ್ಮ ಹಾಗೆ ಉದ್ದನೆಯ ಒಣಗಾಲವೇ ಇಲ್ಲ. ಹಾಗಾಗಿ ಒಂದೇ ಗಿಡದಲ್ಲಿ ಹೂ, ಹಸಿರು ಕಾಯಿ, ಕೆಂಪು ಹಣ್ಣು ಎಲ್ಲಾ ಒಟ್ಟಿಗೆ ಸಿಗುತ್ತವೆ. ಹಣ್ಣಾದದ್ದನ್ನೇ ಆರಿಸಿ ಕೀಳಲು ಅದೇ ಗಿಡದ ಹತ್ತಿರ ಮತ್ತೆ ಮತ್ತೆ ಹೋಗಬೇಕು. ನಮ್ಮ ರೋಬಸ್ಟಾ ಒಂದೇ ಮಳೆಗೆ ಒಟ್ಟಿಗೆ ಹೂ ಬಿಡುತ್ತದೆ, ಡಿಸೆಂಬರ್ ಆಚೆ ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗುತ್ತದೆ.

ವಿಯೆಟ್ನಾಂ ನಮಗೆ ಜಾಸ್ತಿ ಹತ್ತಿರ. ಅಲ್ಲಿನದೂ ಬಹುಪಾಲು ರೋಬಸ್ಟಾ, ಡಾಕ್ ಲಾಕ್ ಪ್ರಾಂತ್ಯದ ಕಡೆಯ ಎತ್ತರದ ಕೆಂಪು ಮಣ್ಣಿನಲ್ಲಿ. ಅಲ್ಲೂ ಜನವರಿ ಹೊತ್ತಿಗೆ ಒಣಹವೆ. ಅವರು ಮಳೆಗೆ ಕಾಯೋದಿಲ್ಲ. ಗಿಡದ ಸುತ್ತ ಪಾತಿ ಮಾಡಿ ಬಾವಿ, ಕೆರೆಯ ನೀರು ತುಂಬಿಸುತ್ತಾರೆ. 1986ರ ಆರ್ಥಿಕ ಸುಧಾರಣೆಯ ನಂತರ ತೋಟ ಹಬ್ಬಿಸಿ, ಬ್ರೆಜಿಲ್ ಬಿಟ್ಟರೆ ತಾವೇ ಅನ್ನುವಷ್ಟು ಬೆಳೆದರು. ಅಂತರ್ಜಲ ಕುಸಿಯುವ ಚಿಂತೆಯೂ ಜೊತೆಗೇ ಬಂತು.

ಬ್ರೆಜಿಲ್ ಒಂದೇ ಪ್ರಪಂಚದ ಕಾಫಿಯ ಸುಮಾರು ಮೂರನೇ ಒಂದು ಭಾಗ ಬೆಳೆಯುತ್ತದೆ. ಬಹುಪಾಲು ನೆರಳಿಲ್ಲದ ಬಯಲು ತೋಟ, ಎಷ್ಟೋ ಕಡೆ ಯಂತ್ರದ ಕೊಯ್ಲು. ಆದರೆ ಅಲ್ಲಿನ ಕಾಫಿ ಪ್ರದೇಶದ ದಕ್ಷಿಣದ ತುದಿ ಕಾಫಿ ಪಟ್ಟಿಯ ಅಂಚಿಗೇ ಬರುತ್ತದೆ. 1975ರ ಜುಲೈನಲ್ಲಿ, ಅಲ್ಲಿನ ಚಳಿಗಾಲದಲ್ಲಿ, ಪರಾನಾ ರಾಜ್ಯವನ್ನು ಆವರಿಸಿದ ಹೆಪ್ಪುಗಟ್ಟಿಸುವ ಚಳಿಗೆ ಕೋಟಿಗಟ್ಟಲೆ ಗಿಡಗಳು ಕರಕಲಾದವು, ಪ್ರಪಂಚದಲ್ಲೆಲ್ಲಾ ಕಾಫಿ ಬೆಲೆ ಏರಿತು.

ಕೊಡಗು ಇರೋದು 12 ಡಿಗ್ರಿ ಉತ್ತರದಲ್ಲಿ. ನಮಗೆ ಆ ಚಳಿಯ ಭಯ ಇಲ್ಲ, ಬೇಸಿಗೆಯ ಬಿಸಿಲಿನದ್ದೇ ಚಿಂತೆ. ಅದಕ್ಕೇ ನೆರಳಿಗೆ ಹಾಲುವಾಣ, ಹಲಸು, ಅತ್ತಿ, ಸಿಲ್ವರ್ ಓಕ್ ಮರಗಳು, ಅವುಗಳ ಮೈಮೇಲೆ ಕರಿಮೆಣಸಿನ ಬಳ್ಳಿ. ಅರೇಬಿಕಾದ ತವರಾದ ಇಥಿಯೋಪಿಯಾದ ನೈಋತ್ಯ ಕಾಡುಗಳಲ್ಲೂ ಅದು ದೊಡ್ಡ ಮರಗಳ ಅಡಿಯಲ್ಲೇ ಬೆಳೆದ ಗಿಡ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಈ ನಮ್ಮ ಪುಟ್ಟ ಜಿಲ್ಲೆಯದೇ ಅನ್ನೋದು ನನಗೆ ಹೆಮ್ಮೆ.

ಹೋದ ವರ್ಷ ನಮ್ಮಲ್ಲಿ ಬಂದದ್ದು 35 ಸೆಂಟ್. ಒಂದೇ ಮೈಲಿ ಆಚೆ ಮಾವನ ತೋಟಕ್ಕೆ 1 ಇಂಚು 10 ಸೆಂಟ್. ಅರ್ಧಂಬರ್ಧ ಮಳೆ ಬಂದರೆ ಮೊಗ್ಗು ಎಚ್ಚರವಾಗುತ್ತದೆ, ಅರಳೋಕೆ ನೀರು ಸಾಲದೆ ಹಾಗೇ ಕರಗಿಹೋಗುತ್ತದೆ. ಮಾವನ ಫೋನ್ ಇಟ್ಟವರೇ ಅಪ್ಪ ಕೆರೆ ಹತ್ತಿರ ಮೋಟರ್ ಕೂರಿಸಿದರು. ಮೂರು ರಾತ್ರಿ ಸ್ಪ್ರಿಂಕ್ಲರ್ ತಿರುಗಿತು, ಪೈಪ್ ಬದಲಿಸೋಕೆ ನಾನೂ ಟಾರ್ಚ್ ಹಿಡಿದು ಹೋಗಿದ್ದೆ.