ಎರಡು ಅಂಡಾಣುಗಳು ಸೇರಿದರೆ ಮಗುವೇಕೆ ಆಗದು?

ಗಂಡು ಇಲಿಯ ಚರ್ಮದಿಂದ ಅಂಡಾಣು ತಯಾರಾಯಿತೆಂಬ ಸುದ್ದಿ 2023ರ ಮಾರ್ಚ್‌ನಲ್ಲಿ ಬಂದಾಗ, ಇನ್ನೇನು ಇಬ್ಬರು ಗಂಡಸರು ಸೇರಿ ತಮ್ಮದೇ ಮಗುವನ್ನು ಪಡೆಯಬಹುದೆಂದು ಕೆಲವರು ಸಂಭ್ರಮಿಸಿದರು, ಕೆಲವರು ಕಲಿಗಾಲ ಬಂತೆಂದು ಹಣೆ ಚಚ್ಚಿಕೊಂಡರು. ಅಷ್ಟು ದೊಡ್ಡ ಸುತ್ತುದಾರಿ ಏಕೆ ಬೇಕಾಯಿತು ಎಂದು ಮಾತ್ರ ಹೆಚ್ಚಿನವರು ಕೇಳಲಿಲ್ಲ. ಅಂಡಾಣುವಿನಲ್ಲಿ 23 ವರ್ಣತಂತುಗಳು, ವೀರ್ಯಾಣುವಿನಲ್ಲೂ 23. ಇಬ್ಬರು ಹೆಂಗಸರ ಅಂಡಾಣುಗಳ ತಿರುಳನ್ನು ಕೂಡಿಸಿದರೂ ಲೆಕ್ಕ 46ಕ್ಕೆ ಸರಿಹೋಗುತ್ತದೆ. ಆದರೂ ಮಗುವಾಗುವುದಿಲ್ಲ.

ಸಲಿಂಗ ಜೋಡಿಗಳಿಗೆ ಇಂದಿನ ವೈದ್ಯಕೀಯ ತೋರಿಸುವ ದಾರಿಗಳೆಲ್ಲ ಈ ಅಡ್ಡಿಯನ್ನು ಸುತ್ತಿಬಳಸಿ ಹೋಗುವಂಥವು. ಇಬ್ಬರು ಹೆಂಗಸರಾದರೆ ದಾನಿಯ ವೀರ್ಯ ಬೇಕು. ಅದನ್ನು ಗರ್ಭಕೋಶಕ್ಕೆ ನೇರವಾಗಿ ಸೇರಿಸುವ ಐಯುಐ ಸಾಲಬಹುದು, ಇಲ್ಲವೇ ಅಂಡಾಣು, ವೀರ್ಯಾಣುಗಳನ್ನು ಮೈಯ ಹೊರಗೆ ಕೂಡಿಸುವ ಐವಿಎಫ್ ಮೂಲಕ ಒಬ್ಬಳ ಅಂಡಾಣುವಿನಿಂದಾದ ಭ್ರೂಣವನ್ನು ಇನ್ನೊಬ್ಬಳು ಹೊತ್ತು ಹೆರಬಹುದು. ಸ್ಪೇನ್‌ನಲ್ಲಿ 'ರೋಪಾ' ಎಂದು ಕರೆಯುವ ಈ ಎರಡನೆಯ ವಿಧಾನದಲ್ಲಿ ಇಬ್ಬರ ಪಾಲೂ ಇದೆಯಾದರೂ, ಮಗುವಿನ ವಂಶವಾಹಿಗಳು ಅಂಡಾಣು ಕೊಟ್ಟವಳವು ಮತ್ತು ದಾನಿಯವು ಮಾತ್ರ. ಇಬ್ಬರು ಗಂಡಸರಾದರೆ ಅಂಡಾಣು ಕೊಡುವವಳೊಬ್ಬಳು, ಬಸಿರು ಹೊರುವವಳು ಸಾಮಾನ್ಯವಾಗಿ ಇನ್ನೊಬ್ಬಳು. ಇಬ್ಬರ ವೀರ್ಯವನ್ನೂ ಬೆರೆಸಿಬಿಟ್ಟರೆ ಮಗು ಇಬ್ಬರದೂ ಆಗುತ್ತದೆಂಬುದು ಶುದ್ಧ ಭ್ರಮೆ. ಒಂದು ಅಂಡಾಣುವಿನೊಳಗೆ ಒಂದು ವೀರ್ಯಾಣು ಹೊಕ್ಕೊಡನೆ ಬಾಗಿಲು ಮುಚ್ಚುತ್ತದೆ. ಬಾಡಿಗೆ ತಾಯಿಯ ರಕ್ತ ಮಗುವಿನಲ್ಲಿ ಹರಿಯುವುದರಿಂದ ಅವಳ ಗುಣವೂ ಬರುತ್ತದೆಂಬ ಮಾತು ಓದಿದವರ ಬಾಯಲ್ಲೂ ಕೇಳಿಬರುತ್ತದೆ. ಮಾಸಿನಲ್ಲಿ ತಾಯಿಯ ರಕ್ತ ಮತ್ತು ಮಗುವಿನ ರಕ್ತ ತೆಳುವಾದ ಪದರದ ಆಚೀಚೆ ಹರಿಯುತ್ತವೆ. ಆಹಾರ, ಆಮ್ಲಜನಕ ದಾಟುತ್ತವೆ, ಬಿಡಿ ಜೀವಕೋಶಗಳೂ ಅಲ್ಪಸ್ವಲ್ಪ ದಾಟುತ್ತವೆ, ಆದರೆ ಮಗುವಿನ ವಂಶವಾಹಿಗಳು ಬದಲಾಗುವುದಿಲ್ಲ. ಬೀಜ ಗಂಡಸಿನದು, ಹೆಂಗಸು ಬರೀ ಹೊಲ ಎಂಬ ಹಳೆಯ ಕಲ್ಪನೆಯಂತೂ ಮೊದಲೇ ತಪ್ಪು, ಏಕೆಂದರೆ ಅಂಡಾಣು ತನ್ನ ಅರ್ಧಪಾಲಿನ ಜೊತೆಗೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ 37 ವಂಶವಾಹಿಗಳನ್ನೂ ಕೊಡುತ್ತದೆ.

ಇನ್ನು ಆ ಅಡ್ಡಿಯ ವಿಷಯ. ಅದಕ್ಕೆ ಸಾಕ್ಷಿ ಹೆರಿಗೆ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಕಣ್ಣೆದುರೇ ಇತ್ತು. ಕೆಲವೊಮ್ಮೆ ತಿರುಳಿಲ್ಲದ ಅಂಡಾಣುವಿಗೆ ವೀರ್ಯಾಣು ಸೇರಿ, ಅದರ ವರ್ಣತಂತುಗಳೇ ಇಮ್ಮಡಿಯಾಗಿ, ಎಲ್ಲವೂ ತಂದೆಯ ಕಡೆಯದೇ ಆದ ಬಸಿರು ನಿಲ್ಲುತ್ತದೆ. ಹೊಟ್ಟೆ ಬೆಳೆಯುತ್ತದೆ, ವಾಂತಿ ವಿಪರೀತವಾಗುತ್ತದೆ, ಸ್ಕ್ಯಾನ್ ಮಾಡಿದರೆ ಮಗುವೇ ಇಲ್ಲ. ದ್ರಾಕ್ಷಿ ಗೊಂಚಲಿನಂತೆ ಉಬ್ಬಿದ ಮಾಸಿನ ಗುಳ್ಳೆಗಳಷ್ಟೇ ಇರುತ್ತವೆ. ಇದಕ್ಕೆ ತಿರುಗುಮುರುಗಾಗಿ, ಅಂಡಾಶಯದಲ್ಲಿ ಅಂಡಾಣುವೊಂದು ವೀರ್ಯಾಣುವಿನ ಸಂಗವಿಲ್ಲದೆ ತಾನಾಗಿಯೇ ಬೆಳೆಯತೊಡಗಿದರೆ, ಕೂದಲು, ಜಿಡ್ಡು, ಒಮ್ಮೊಮ್ಮೆ ಪೂರ್ತಿ ಬೆಳೆದ ಹಲ್ಲು ತುಂಬಿದ ಗಡ್ಡೆಯಾಗುತ್ತದೆ. ಮಾಸು ಮಾತ್ರ ಇರುವುದಿಲ್ಲ. ಇಂಥ ಗಡ್ಡೆ ಹೊರಬಂದಾಗ ಮಾಟ ಮಾಡಿಸಿದವರನ್ನು ಹುಡುಕಲು ಹೊರಟ ಮನೆಗಳಿವೆ, ಎಂಥ ಅನ್ಯಾಯ! ಆ ಗಡ್ಡೆ ಹೇಳುತ್ತಿದ್ದುದು ಜೀವಶಾಸ್ತ್ರದ ಒಂದು ದೊಡ್ಡ ಸತ್ಯವನ್ನು.

1984ರಲ್ಲಿ ಕೇಂಬ್ರಿಜ್‌ನಲ್ಲಿ ಅಜೀಂ ಸುರಾನಿ ಮತ್ತು ಸಂಗಡಿಗರು, ಅಮೆರಿಕದಲ್ಲಿ ಜೇಮ್ಸ್ ಮೆಕ್‌ಗ್ರಾತ್ ಮತ್ತು ದಾವೊರ್ ಸೋಲ್ಟರ್, ಇಲಿಯ ಭ್ರೂಣಗಳಲ್ಲಿ ತಿರುಳುಗಳನ್ನು ಅದಲುಬದಲು ಮಾಡಿ ಇದನ್ನು ಸಾಬೀತುಪಡಿಸಿದರು. ಎರಡೂ ಪಾಲು ತಾಯಿಯದಾದಾಗ ಭ್ರೂಣ ತಕ್ಕಮಟ್ಟಿಗೆ ಬೆಳೆದರೂ ಮಾಸು ಸೊರಗಿತು. ಎರಡೂ ತಂದೆಯದಾದಾಗ ಮಾಸು ಬೆಳೆದು ಭ್ರೂಣ ಸೊರಗಿತು. ಅಂದರೆ ಒಂದೇ ವಂಶವಾಹಿ ತಾಯಿಯಿಂದ ಬಂದಾಗ ಒಂದು ಬಗೆಯಲ್ಲಿ, ತಂದೆಯಿಂದ ಬಂದಾಗ ಇನ್ನೊಂದು ಬಗೆಯಲ್ಲಿ ನಡೆದುಕೊಳ್ಳುತ್ತದೆ. ಡಿಎನ್‌ಎಯ ಅಕ್ಷರ ಬದಲಾಗಿರುವುದಿಲ್ಲ, ಅದರ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳ ಮುದ್ರೆ ಬಿದ್ದಿರುತ್ತದೆ.

ಐಜಿಎಫ್2 ಮತ್ತು ಎಚ್19 ಎಂಬ ಅಕ್ಕಪಕ್ಕದ ವಂಶವಾಹಿಗಳನ್ನು ನೋಡೋಣ. ಎರಡಕ್ಕೂ ಚುರುಕು ಮುಟ್ಟಿಸುವ ಡಿಎನ್‌ಎ ತುಣುಕುಗಳು ಒಂದೇ. ಒಂದೇ ಕಾಲುವೆಯ ನೀರು ಕುಡಿಯುವ ಎರಡು ಗದ್ದೆಗಳೆಂದುಕೊಳ್ಳಿ; ಕಾಲುವೆಯ ಬದಿಯ ಗದ್ದೆ ಎಚ್19, ಅದರಾಚೆಯದು ಐಜಿಎಫ್2, ನಡುವೆ ಒಂದು ತೂಬು. ತಾಯಿಯಿಂದ ಬಂದ ವರ್ಣತಂತುವಿನಲ್ಲಿ ತೂಬಿನ ಜಾಗಕ್ಕೆ ಮುದ್ರೆ ಇಲ್ಲದ್ದರಿಂದ ಸಿಟಿಸಿಎಫ್ ಎಂಬ ಪ್ರೋಟೀನು ಅಲ್ಲಿ ಬಂದು ಕೂರುತ್ತದೆ, ತೂಬು ಮುಚ್ಚುತ್ತದೆ, ನೀರೆಲ್ಲ ಎಚ್19ಕ್ಕೆ. ತಂದೆಯದರಲ್ಲಿ ಅಲ್ಲಿ ಮೀಥೈಲ್ ಮುದ್ರೆ ಇರುವುದರಿಂದ ಪ್ರೋಟೀನಿಗೆ ಕೂರಲು ಎಡೆಯಿಲ್ಲ. ತೂಬು ತೆರೆದೇ ಇದ್ದು ನೀರು ಐಜಿಎಫ್2ಕ್ಕೆ ಹರಿಯುತ್ತದೆ. ಐಜಿಎಫ್2 ಭ್ರೂಣವನ್ನೂ ಮಾಸನ್ನೂ ಬೆಳೆಸುವ ವಂಶವಾಹಿ. ಇಬ್ಬರು ತಾಯಂದಿರ ತಿರುಳು ಕೂಡಿದರೆ ಎರಡೂ ತೂಬು ಮುಚ್ಚಿರುತ್ತವೆ, ಬೆಳವಣಿಗೆಯ ಗದ್ದೆ ಒಣಗುತ್ತದೆ. ಹೀಗೆ ಮುದ್ರೆ ಹೊತ್ತ ವಂಶವಾಹಿಗಳು ನೂರರ ಆಸುಪಾಸಿನಲ್ಲಿವೆ. ಪ್ರತಿ ಪೀಳಿಗೆಯಲ್ಲೂ ವೀರ್ಯಾಣು, ಅಂಡಾಣುಗಳಾಗಲಿರುವ ಮೂಲಕೋಶಗಳಲ್ಲಿ ಹಳೆಯ ಮುದ್ರೆಗಳೆಲ್ಲ ಅಳಿಸಿಹೋಗಿ, ಆ ಭ್ರೂಣ ಗಂಡೋ ಹೆಣ್ಣೋ ಎಂಬುದಕ್ಕೆ ತಕ್ಕಂತೆ ಹೊಸದಾಗಿ ಬೀಳುತ್ತವೆ.

2004ರಲ್ಲಿ ಟೋಕಿಯೊದ ತೊಮೊಹಿರೊ ಕೋನೊ ಅವರ ತಂಡ ಮಾಡಿದ್ದು ತೂಬು ಕೀಳುವ ಕೆಲಸವನ್ನೇ. ಆಗತಾನೆ ಹುಟ್ಟಿದ ಹೆಣ್ಣು ಇಲಿಮರಿಯ, ಇನ್ನೂ ತಾಯಿಯ ಮುದ್ರೆ ಬೀಳದ ಅಂಡಾಣುವನ್ನು ಆಯ್ದು, ಅದರಲ್ಲಿ ಎಚ್19 ಭಾಗವನ್ನು ತೆಗೆದುಹಾಕಿ, ಬೆಳೆದ ಇಲಿಯ ಅಂಡಾಣುವಿನ ಜೊತೆ ಕೂಡಿಸಿದರು. 457 ಅಂಡಾಣುಗಳ ಪ್ರಯತ್ನದಲ್ಲಿ ಜೀವಂತ ಹುಟ್ಟಿದ್ದು 10 ಮರಿಗಳು. ಬೆಳೆದು ದೊಡ್ಡದಾದ ಒಂದಕ್ಕೆ ಕಗುಯಾ ಎಂದು ಹೆಸರಿಟ್ಟರು. 2018ರಲ್ಲಿ ಚೀನಾದ ವಿಜ್ಞಾನಿಗಳು ಮೂರು ಮುದ್ರಾಜಾಗಗಳನ್ನು ಅಳಿಸಿ, 210 ಭ್ರೂಣಗಳಿಂದ ಇಬ್ಬರು ತಾಯಂದಿರ 29 ಮರಿಗಳನ್ನು ಪಡೆದರು. ಇಬ್ಬರು ತಂದೆಯರ ಮರಿಗಳಿಗೆ ಏಳು ಜಾಗಗಳನ್ನು ಅಳಿಸಿದರೂ ಅವು 48 ಗಂಟೆ ದಾಟಲಿಲ್ಲ. 2025ರಲ್ಲಿ ಇಪ್ಪತ್ತು ಜಾಗಗಳನ್ನು ತಿದ್ದಿದ ಮೇಲೆ ಕೆಲವು ಮರಿಗಳು ಬೆಳೆದು ದೊಡ್ಡವಾದವು, ಆದರೆ ಅವು ಬಂಜೆ, ಆಯಸ್ಸೂ ಕಡಿಮೆ. ಮನುಷ್ಯರ ಮೇಲೆ ಇಂಥ ತಿದ್ದುಪಡಿಯ ಮಾತೆತ್ತುವುದೇ ಸಲ್ಲದು.

ಗಂಡು ಇಲಿಯ ಚರ್ಮದಿಂದ ಅಂಡಾಣು ಮಾಡಿದ ಜಪಾನಿನ ಕತ್ಸುಹಿಕೊ ಹಯಾಶಿ ಅವರ 2023ರ ಕೆಲಸದ ಜಾಣ್ಮೆ ಇಲ್ಲಿ ತಿಳಿಯುತ್ತದೆ. ಅವರು ಮುದ್ರೆಗಳನ್ನು ಒಂದೊಂದಾಗಿ ತಿದ್ದಲು ಹೋಗಲಿಲ್ಲ. ಗಂಡು ಇಲಿಯ ಬಾಲದ ಚರ್ಮದ ಕೋಶಗಳನ್ನು, ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಕಾಂಡಕೋಶಗಳಾಗಿಸಿ, ವೈ ವರ್ಣತಂತು ಕಳೆದುಹೋದವನ್ನು ಆರಿಸಿ, ಎಕ್ಸ್ ಅನ್ನು ಎರಡಾಗಿಸಿ, ಅಂಡಾಶಯದಂಥ ಅಂಗಾಂಶದಲ್ಲಿಟ್ಟು ಅಂಡಾಣುವಾಗಿ ಬೆಳೆಸಿದರು. ತಾಯಿಯ ಮುದ್ರೆಗಳು ಆ ಹಾದಿಯಲ್ಲಿ ತಾವಾಗಿಯೇ ಬಿದ್ದವು. 630 ಭ್ರೂಣಗಳಲ್ಲಿ ಏಳು ಮರಿಗಳು ಹುಟ್ಟಿದವು. ಮನುಷ್ಯರ ಕೋಶಗಳಲ್ಲಿ ಇದು ಇನ್ನೂ ಕೈಗೂಡಿಲ್ಲ, ಕೈಗೂಡಿದರೂ ಗಂಡಸರ ಜೋಡಿಗೆ ತಪ್ಪುವುದು ಅಂಡಾಣು ದಾನಿಯ ಅಗತ್ಯವೊಂದೇ, ಹೊರುವ ಗರ್ಭದ್ದಲ್ಲ. ಆ ಏಳು ಮರಿಗಳನ್ನೂ ಹೊತ್ತು ಹೆತ್ತದ್ದು ಹೆಣ್ಣು ಇಲಿಗಳೇ.

ಆ ಗರ್ಭದ ಪ್ರಶ್ನೆಗೆ ಉತ್ತರ ಹೇಳುವುದು ಕಾಯ್ದೆ. ಬ್ರಿಟನ್ನಿನಲ್ಲಿ ಬಾಡಿಗೆ ತಾಯಿ ಹೆತ್ತ ಮಗುವಿಗೆ ಸಲಿಂಗ ಜೋಡಿಯನ್ನು ತಂದೆತಾಯಿಯರೆಂದು ನ್ಯಾಯಾಲಯ ಘೋಷಿಸುವ ಅವಕಾಶ 2010ರಿಂದ ಇದೆ; ಇಸ್ರೇಲಿನಲ್ಲಿ 2022ರ ಜನವರಿಯಿಂದ ಗಂಡಸರ ಜೋಡಿಗೂ ಬಾಡಿಗೆ ತಾಯ್ತನದ ದಾರಿ ತೆರೆದಿದೆ. ನಮ್ಮಲ್ಲಿ 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆಯು ದಂಪತಿಯೆಂದರೆ ಕಾನೂನಿನಂತೆ ಮದುವೆಯಾದ ಗಂಡು-ಹೆಣ್ಣು ಎನ್ನುತ್ತದೆ. ಅವರಲ್ಲದೆ 35ರಿಂದ 45ರ ವಯಸ್ಸಿನ ವಿಧವೆಗೆ ಅಥವಾ ವಿಚ್ಛೇದಿತೆಗೆ ಮಾತ್ರ ಅವಕಾಶ. ಸಲಿಂಗ ಮದುವೆಗೆ ಮಾನ್ಯತೆ ನೀಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ನಿರಾಕರಿಸಿತು. ಬೆಂಗಳೂರಿನ ಇಬ್ಬರು ಹೆಂಗಸರ ಪೈಕಿ ಒಬ್ಬಳು ಒಂಟಿ ಮಹಿಳೆಯಾಗಿ ದಾನಿಯ ವೀರ್ಯದಿಂದ ಐವಿಎಫ್ ಮಾಡಿಸಿಕೊಳ್ಳಲು 2021ರದೇ ಇನ್ನೊಂದು ಕಾಯ್ದೆ, ನೆರವಿನ ಸಂತಾನೋತ್ಪತ್ತಿಯದು, ಅಡ್ಡಿಪಡಿಸುವುದಿಲ್ಲ. ಸಂಗಾತಿಯನ್ನು ಮಗುವಿನ ಎರಡನೆಯ ತಾಯಿಯೆಂದು ಅದು ಗುರುತಿಸುವುದೂ ಇಲ್ಲ.